ಮೊಗ್ಗು ಅರಳುವ ಮೊದಲು

ಉಡುಪಿಯಿಂದ ಮಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಸಾಗಿದರೆ ಕಟಪಾಡಿ ಪೇಟೆ ಸಿಗುತ್ತದೆ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಮಟ್ಟು ಗ್ರಾಮ, ಅದರಾಚೆ ಕಡಲು. ಮೂಡಣಕ್ಕೆ ತಿರುಗಿದರೆ ಶಿರ್ವದ ರಸ್ತೆ. ಆ ರಸ್ತೆಯಲ್ಲಿ ಸ್ವಲ್ಪವೇ ಮುಂದೆ ಶಂಕರಪುರ. ಮಟ್ಟುವಿನ ಹೆಸರನ್ನು ಊರೂರಿಗೆ ಮುಟ್ಟಿಸಿದುದು ಅಲ್ಲಿಯ ಗುಳ್ಳ ಬದನೆ. ಶಂಕರಪುರದ ಹೆಸರನ್ನು ಮುಟ್ಟಿಸಿದುದು ಮಲ್ಲಿಗೆ. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದಿರುವ ಹೂವು ಇದೇ.

ಈ ಮಲ್ಲಿಗೆಯನ್ನು ಕಾಣಲು ವಿಶಾಲವಾದ ತೋಟಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನೆಯಂಗಳದ ಅಂಚಿನಲ್ಲಿ, ತೆಂಗಿನ ಮರಗಳಿಂದ ಸ್ವಲ್ಪ ದೂರದ ಬಿಸಿಲಿನ ಜಾಗದಲ್ಲಿ ಹತ್ತಿಪ್ಪತ್ತು ಗಿಡಗಳಿದ್ದರೂ ಅದು ಒಂದು ಸಂಸಾರಕ್ಕೆ ಆಸರೆಯಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮನೆಯವರು ಗಿಡಗಳ ಬಳಿ ಇರುತ್ತಾರೆ. ಅವರು ಬಿಡಿಸುವುದು ಹೂವನ್ನಲ್ಲ, ಮೊಗ್ಗನ್ನು. ಆ ದಿನ ಸಂಜೆಗೆ ಅರಳುವ ಮೊಗ್ಗು ಯಾವುದು, ಮರುದಿನಕ್ಕೆ ಬಿಡಬೇಕಾದುದು ಯಾವುದು ಎಂಬುದು ಪಳಗಿದ ಕೈಗೆ ಮುಟ್ಟಿದೊಡನೆಯೇ ತಿಳಿಯುತ್ತದೆ. ಬಿಡಿಸಿದ ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಸುಮಾರು 800 ಮೊಗ್ಗುಗಳ ಮಾಲೆ ಒಂದು ‘ಚೆಂಡು’. ನಾಲ್ಕು ಚೆಂಡುಗಳು ಸೇರಿದರೆ ಒಂದು ‘ಅಟ್ಟೆ’. ಒಂದು ಅಟ್ಟೆಯೆಂದರೆ 3,200 ಮೊಗ್ಗುಗಳು. ಅಷ್ಟು ಬಾರಿ ಕೈ ಗಿಡಕ್ಕೆ ಹೋಗಿ ಬರಬೇಕು, ಅಷ್ಟು ಬಾರಿ ನಾರಿನ ಕುಣಿಕೆ ಬಿಗಿಯಬೇಕು. ಅಟ್ಟೆಯ ಬೆಲೆ ದಿನದಿನವೂ ಬೇರೆಯಾಗುತ್ತದೆ.

ಮುಂಜಾನೆ ಬಿಡಿಸಿದ ಮೊಗ್ಗು ಗಿಡದಿಂದ ಬೇರೆಯಾದ ಮೇಲೂ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಅದು ಸಂಜೆಗೆ ಅರಳಲೇಬೇಕು. ರಾತ್ರಿಯೆಲ್ಲ ಕಂಪು ಬೀರಿ ಮರುದಿನ ಬಾಡಲೇಬೇಕು. ಬಾಳೆಯೆಲೆಯ ತಂಪು ಅದನ್ನು ಸ್ವಲ್ಪ ಕಾಲ ತಡೆಯಬಲ್ಲುದು, ನಿಲ್ಲಿಸಲಾರದು. ಈ ಹೂವನ್ನು ಮುಡಿಯಬಯಸುವವರಾದರೋ ಉಡುಪಿ, ಮಂಗಳೂರುಗಳಲ್ಲಿ ಮಾತ್ರ ಇಲ್ಲ. ಕರಾವಳಿಯ ಜನ ಹೊಟ್ಟೆಪಾಡಿಗೆಂದು ಹೋಗಿ ನೆಲೆಸಿದ ಮುಂಬಯಿಯಲ್ಲಿದ್ದಾರೆ. ಅರಬ್ಬೀ ಸಮುದ್ರದ ಆಚೆಯ ದುಬೈಯಲ್ಲಿದ್ದಾರೆ. ಆದುದರಿಂದ ಮುಂಬಯಿ ಎಷ್ಟು ದೂರ, ದುಬೈ ಎಷ್ಟು ದೂರ ಎಂಬುದು ಕಟಪಾಡಿಯವರಿಗೆ ಭೂಗೋಳದ ಪಾಠ ಮಾತ್ರವಲ್ಲ, ಸಂಸಾರದ ಲೆಕ್ಕವೂ ಆಗಿದೆ.

ಮೊದಲು ಮುಂಬಯಿಯ ಮಾತನ್ನು ನೋಡೋಣ. ಮಂಗಳೂರಿನಿಂದ ಮುಂಬಯಿಗೆ ಎಷ್ಟು ದೂರ? ಬಸ್ಸಿನ ಚಾಲಕನನ್ನು ಕೇಳಿದರೆ ಹೆಚ್ಚುಕಡಮೆ 900 ಕಿಲೋಮೀಟರ್ ಎಂದಾನು. ವಿಮಾನ ನಡೆಸುವವನನ್ನು ಕೇಳಿದರೆ ಅಷ್ಟಿಲ್ಲ ಎಂದಾನು. ಇಬ್ಬರ ಮಾತೂ ನಿಜ. ಎರಡು ಊರುಗಳ ನಡುವಣ ದೂರವೆಂಬುದು ನಾವು ಹಿಡಿಯುವ ದಾರಿಯನ್ನು ಅವಲಂಬಿಸಿದೆ.

ಆಕಾಶಮಾರ್ಗದ ದೂರವನ್ನು ನೀವೇ ಕಂಡುಹಿಡಿಯಬಹುದು. ನಿಮಗೆ ಗೊತ್ತಿರುವ ಪೈಥಾಗೊರಸನ ಪ್ರಮೇಯವೇ ಸಾಕು. ಮಂಗಳೂರಿನ ಬಜಪೆ ವಿಮಾನನಿಲ್ದಾಣ 12.96 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ 74.89 ಡಿಗ್ರಿ ಪೂರ್ವ ರೇಖಾಂಶದಲ್ಲಿಯೂ ಇದೆ. ಮುಂಬಯಿಯ ವಿಮಾನನಿಲ್ದಾಣ ಇರುವುದು 19.09 ಡಿಗ್ರಿ ಉತ್ತರ, 72.87 ಡಿಗ್ರಿ ಪೂರ್ವದಲ್ಲಿ. ಅಕ್ಷಾಂಶಗಳ ಅಂತರ 6.13 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಎಂದರೆ ಉತ್ತರಕ್ಕೆ 680 ಕಿಲೋಮೀಟರ್ ಆಯಿತು. ರೇಖಾಂಶಗಳ ಅಂತರ 2.02 ಡಿಗ್ರಿ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಈ ಪ್ರದೇಶದಲ್ಲಿ ಒಂದು ಡಿಗ್ರಿಗೆ 107 ಕಿಲೋಮೀಟರ್ ಮಾತ್ರ; ಹಾಗಾಗಿ ಪಶ್ಚಿಮಕ್ಕೆ 216 ಕಿಲೋಮೀಟರ್. ಇವೆರಡನ್ನೂ ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ ವಿಕರ್ಣವನ್ನು ಕಂಡುಹಿಡಿದರೆ ಸುಮಾರು 715 ಕಿಲೋಮೀಟರ್ ಬರುತ್ತದೆ. ಭೂಮಿಯ ಡೊಂಕನ್ನು ಲೆಕ್ಕಕ್ಕೆ ಹಿಡಿದರೂ ಇಷ್ಟು ಚಿಕ್ಕ ದೂರದಲ್ಲಿ ಉತ್ತರ ಹೆಚ್ಚು ಬದಲಾಗದು.

ಹಾಗಾದರೆ ರಸ್ತೆಗೆ ಇನ್ನೂ ಸುಮಾರು 185 ಕಿಲೋಮೀಟರ್ ಎಲ್ಲಿಂದ ಬಂದಿತು? ಕರಾವಳಿಯನ್ನು ಬಲ್ಲವರಿಗೆ ಇದು ಒಗಟಲ್ಲ. ಉಡುಪಿಯಿಂದ ಬಡಗಣಕ್ಕೆ ಹೊರಟವನು ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಒಂದಾದ ಮೇಲೊಂದು ನದಿಯನ್ನು ದಾಟಬೇಕು. ನದಿ ಅಗಲವಾದಲ್ಲಿ ರಸ್ತೆ ಒಳನಾಡಿಗೆ ಸರಿಯುತ್ತದೆ, ಗುಡ್ಡ ಅಡ್ಡ ಬಂದಲ್ಲಿ ಬಳಸುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಒಂದೊಂದು ಹೊಳೆಯ ದಡದಲ್ಲಿಯೂ ದೋಣಿಗಾಗಿ ಕಾಯಬೇಕಾಗಿತ್ತು. ಹಿಂದಿನವರು ಮುಂಬಯಿಗೆ ಹೋಗಲು ಕಡಲನ್ನೇ ನೆಚ್ಚಿಕೊಂಡುದಕ್ಕೆ ಇದೇ ಕಾರಣ. ಉಗಿಹಡಗುಗಳು ಬಂದರಿನಿಂದ ಬಂದರಿಗೆ ತಂಗುತ್ತ, ಜನರನ್ನೂ ಸರಕನ್ನೂ ಹತ್ತಿಸಿಕೊಳ್ಳುತ್ತ ಬಡಗಣಕ್ಕೆ ಸಾಗುತ್ತಿದ್ದವು. ಕಟಪಾಡಿಗೆ ತೆಂಕಣಕ್ಕೆ ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಕಡಲಿನ ಆ ಸಂಚಾರಕ್ಕೆ ಬೆಳಕು ತೋರಿತು. ಮಳೆಗಾಲ ಬಂದಿತೆಂದರೆ ಹಡಗುಗಳ ಓಡಾಟ ನಿಲ್ಲುತ್ತಿತ್ತು. ಆಗ ಮುಂಬಯಿ ಎಷ್ಟು ದೂರ ಎಂದು ಕೇಳಿದರೆ ‘ಇನ್ನು ಮಳೆ ಬಿಟ್ಟ ಮೇಲೆ’ ಎಂಬುದೇ ಉತ್ತರವಾಗಿತ್ತು.

ಮಂಗಳೂರಿಗೆ 1907ರಲ್ಲಿ ರೈಲು ಬಂದಿತು. ಆದರೆ ಅದು ಬಂದುದು ತೆಂಕಣದಿಂದ, ಮಲಬಾರಿನ ಮಾರ್ಗವಾಗಿ. ಬಡಗಣದ ಮುಂಬಯಿಗೆ ಹೋಗಬೇಕಾದವನು ಆ ರೈಲು ಹತ್ತಿದರೆ ಮೊದಲು ಮುಂಬಯಿಗೆ ಬೆನ್ನು ಹಾಕಿ ಹೊರಡಬೇಕಾಗಿತ್ತು. ಕರಾವಳಿಯುದ್ದಕ್ಕೂ ನೇರವಾದ ಹಳಿ ಬೀಳಲು ಮತ್ತೆ ತೊಂಬತ್ತು ವರ್ಷ ಹಿಡಿಯಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ಕೇಂದ್ರದ ರೈಲ್ವೆ ಮಂತ್ರಿಗಳಾಗಿದ್ದಾಗ ಕೊಂಕಣ ರೈಲ್ವೆಯ ಕೆಲಸಕ್ಕೆ ಚಾಲನೆ ದೊರೆಯಿತು, ಇ. ಶ್ರೀಧರನ್ ಅವರು ಅದನ್ನು ನಡೆಸಿಕೊಟ್ಟರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದದ ಆ ದಾರಿ 1998ರ ಜನವರಿ 26ರಂದು ರಾಷ್ಟ್ರಕ್ಕೆ ಅರ್ಪಿತವಾಯಿತು. ತೊಂಬತ್ತಕ್ಕೂ ಹೆಚ್ಚು ಸುರಂಗಗಳು ಅದರಲ್ಲಿವೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಾಗಿದೆ. ಕಟಪಾಡಿಗೆ ಹತ್ತಿರದ ಇನ್ನಂಜೆಯಲ್ಲಿ ಈ ದಾರಿಯ ಒಂದು ಚಿಕ್ಕ ನಿಲ್ದಾಣವಿದೆ. ಮುಂಬಯಿಯಲ್ಲಿ ಮಧ್ಯಾಹ್ನ ರೈಲು ಹತ್ತಿದವನು ಹದಿನಾಲ್ಕು ಹದಿನೈದು ಗಂಟೆಗಳಲ್ಲಿ, ಮರುದಿನ ಬೆಳಗಾಗುವ ಹೊತ್ತಿಗೆ, ಉಡುಪಿಯಲ್ಲಿ ಇಳಿಯುವಂತಾಯಿತು.

ಮನುಷ್ಯನಿಗೆ ಇದು ದೊಡ್ಡ ಅನುಕೂಲ. ಆದರೆ ಮಲ್ಲಿಗೆಯ ಮೊಗ್ಗಿಗೆ ಹದಿನಾಲ್ಕು ಗಂಟೆಯೂ ಹೆಚ್ಚೇ. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋದ ಹೂವು ಮುಂಬಯಿಯವರಿಗೆ ಮರುದಿನದ ಹೂವು. ಅಂದಿನ ಹೂವನ್ನು ಅಂದೇ ಮುಟ್ಟಿಸಬೇಕಾದರೆ ಆಕಾಶವೇ ದಾರಿ.

ಮಂಗಳೂರಿಗೆ ವಿಮಾನ ಬಂದುದು ರೈಲುದಾರಿ ಮುಗಿಯುವುದಕ್ಕಿಂತ ಎಷ್ಟೋ ಮೊದಲೇ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಂದಿಳಿದಾಗ ಬಜಪೆ ವಿಮಾನನಿಲ್ದಾಣ ಆರಂಭವಾಯಿತು. ಅವರನ್ನು ಕರೆತಂದುದು ಡಗ್ಲಾಸ್ ಡಿಸಿ-3 ಎಂಬ, ಎರಡು ಪ್ರೊಪೆಲರುಗಳ ವಿಮಾನ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದ ಅಂಥ ವಿಮಾನ 715 ಕಿಲೋಮೀಟರ್ ಹಾರಲು ಎರಡೂವರೆ ಗಂಟೆಯಷ್ಟು ಬೇಕು. ಇಂದಿನ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 830 ಕಿಲೋಮೀಟರ್. ಭಾಗಿಸಿ ನೋಡಿದರೆ 52 ನಿಮಿಷ ಸಾಕು. ಆದರೆ ಮುಂಬಯಿಯ ವಿಮಾನದ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆ ಎಂದೋ ಅದಕ್ಕೂ ಸ್ವಲ್ಪ ಹೆಚ್ಚು ಎಂದೋ ಬರೆದಿರುತ್ತದೆ. ಲೆಕ್ಕ ತಪ್ಪಿತೆ?

ಲೆಕ್ಕ ತಪ್ಪಲಿಲ್ಲ, ನಾವು ಭಾವಿಸಿಕೊಂಡುದು ತಪ್ಪಿತು. ವಿಮಾನ ಆ ಪೂರ್ಣ ವೇಗವನ್ನು ಪಡೆಯುವುದು ಹತ್ತು ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಏರಿದ ಮೇಲೆ. ಏರುವುದಕ್ಕೇ ಇಪ್ಪತ್ತು ನಿಮಿಷದಷ್ಟು ಹಿಡಿಯುತ್ತದೆ. ಇಳಿಯುವುದಾದರೋ ಊರು ಕಣ್ಣಿಗೆ ಬೀಳುವ ಎಷ್ಟೋ ಮೊದಲು, ಸುಮಾರು 200 ಕಿಲೋಮೀಟರ್ ದೂರವಿರುವಾಗಲೇ ಆರಂಭವಾಗುತ್ತದೆ. ಮೂರು ಕಿಲೋಮೀಟರಿಗಿಂತ ಕೆಳಕ್ಕೆ ಬಂದ ಮೇಲೆ ಗಂಟೆಗೆ ಸುಮಾರು 460 ಕಿಲೋಮೀಟರ್ ವೇಗವನ್ನು ಸಾಮಾನ್ಯವಾಗಿ ಮೀರುವಂತಿಲ್ಲ. 715 ಕಿಲೋಮೀಟರ್ ದಾರಿಯಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಕಳೆದರೆ ಪೂರ್ಣ ವೇಗದಲ್ಲಿ ಸಾಗಲು ಉಳಿಯುವುದು ಅರ್ಧದಾರಿ ಮಾತ್ರ. ಇದಲ್ಲದೆ ಮುಂಬಯಿಯಲ್ಲಿ ಇರುವ ಎರಡು ಓಟದ ಹಾದಿಗಳು ಒಂದನ್ನೊಂದು ಅಡ್ಡಹಾಯುತ್ತವೆ. ಎರಡನ್ನೂ ಏಕಕಾಲದಲ್ಲಿ ಪೂರ್ತಿಯಾಗಿ ಬಳಸುವಂತಿಲ್ಲ. ಆದುದರಿಂದ ಬಂದ ವಿಮಾನಗಳು ಸರದಿಗಾಗಿ ಆಕಾಶದಲ್ಲಿಯೇ ಸುತ್ತುವುದುಂಟು. ನೆಲಕ್ಕಿಳಿದ ಮೇಲೆ ನಿಲ್ಲುವ ಜಾಗಕ್ಕೆ ಮೆಲ್ಲಗೆ ಉರುಳಬೇಕು. ವೇಳಾಪಟ್ಟಿಯ ಒಂದೂವರೆ ಗಂಟೆಯಲ್ಲಿ ಇವೆಲ್ಲವೂ ಅಡಕವಾಗಿವೆ.

ಇಳಿಯುವ ಮಾತು ಬಂದುದರಿಂದ ಬಜಪೆಯ ಬಗೆಗೆ ಒಂದು ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಈ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದುದು. ಓಟದ ಹಾದಿಯ ತುದಿಯಾಚೆಗೆ ಕಣಿವೆ. ಮೊದಲಿನ ಹಾದಿ ಸುಮಾರು 1,600 ಮೀಟರ್ ಉದ್ದವಿತ್ತು. 2,450 ಮೀಟರ್ ಉದ್ದದ ಹೊಸ ಹಾದಿ 2006ರಲ್ಲಿ ಬಳಕೆಗೆ ಬಂದಿತು. 2010ರ ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ವಿಮಾನವೊಂದು ಈ ಹಾದಿಯ ಮೇಲೆ ಇಳಿಯಿತು. ಅದು ಇರಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿತ್ತು. ಮತ್ತೆ ಮೇಲಕ್ಕೇರಿ ಸುತ್ತು ಹಾಕಿ ಬರೋಣವೆಂದು ಸಹವೈಮಾನಿಕ ಒಂದಕ್ಕಿಂತ ಹೆಚ್ಚು ಬಾರಿ ಎಚ್ಚರಿಸಿದನೆಂದು ತನಿಖೆಯಲ್ಲಿ ತಿಳಿದುಬಂದಿತು. ವಿಮಾನ ನೆಲ ಮುಟ್ಟಿದಾಗ ಹಾದಿಯ ಮೊದಲ ತುದಿಯಿಂದ ಸುಮಾರು 1,580 ಮೀಟರ್ ಕಳೆದುಹೋಗಿತ್ತು. ಉಳಿದ ಉದ್ದ ಸಾಲದೆ ಅದು ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಎಂಟು ಮಂದಿ ಬದುಕಿ ಉಳಿದರು. ಅವರಲ್ಲಿ ಹೆಚ್ಚಿನವರು ಮನೆಗೆ ಮರಳುತ್ತಿದ್ದವರು. ಮೇಲಕ್ಕೇರಿ ಮತ್ತೊಂದು ಸುತ್ತು ಬರಲು ಬೇಕಾಗುತ್ತಿದ್ದುದು ಹತ್ತು ಹದಿನೈದು ನಿಮಿಷ. ವಿಮಾನ ಇಳಿಯುವಂತೆ ಕಂಡು ಮತ್ತೆ ಮೇಲಕ್ಕೆ ಹಾರಿದಾಗ ಗೊಣಗುವ ಪ್ರಯಾಣಿಕರನ್ನು ಕಂಡರೆ ನನಗೆ ಆ ಬೆಳಗು ನೆನಪಾಗುತ್ತದೆ.

ಇನ್ನು ದುಬೈಯ ದಾರಿ. ಬಜಪೆಯಿಂದ ದುಬೈಗೆ ನೇರವಾದ ವಿಮಾನ ಆರಂಭವಾದುದು 2006ರ ಅಕ್ಟೋಬರ್ 3ರಂದು. ಅದಕ್ಕೂ ಮೊದಲು ಈ ಭಾಗದ ಅನೇಕರು ಮುಂಬಯಿಗೆ ಹೋಗಿ ಅಲ್ಲಿಂದ ಕೊಲ್ಲಿ ದೇಶಗಳ ವಿಮಾನ ಹತ್ತುತ್ತಿದ್ದರು. ಈಗ ದೂರಗಳನ್ನು ಹೋಲಿಸಿ ನೋಡಿರಿ. ಮಂಗಳೂರಿನಿಂದ ದುಬೈಗೆ ನೇರವಾಗಿ ಸುಮಾರು 2,460 ಕಿಲೋಮೀಟರ್. ಮುಂಬಯಿಯ ಮೂಲಕವಾದರೆ 715 ಮತ್ತು 1,930, ಒಟ್ಟು 2,645 ಕಿಲೋಮೀಟರ್. ಬಳಸು ದಾರಿಯಿಂದ ಹೆಚ್ಚಾಗುವುದು 185 ಕಿಲೋಮೀಟರ್ ಮಾತ್ರ; ಜೆಟ್ ವಿಮಾನಕ್ಕೆ ಅದು ಕಾಲು ಗಂಟೆಯ ಹಾದಿಯೂ ಅಲ್ಲ. ಆದರೆ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮುಂಬಯಿ ಸೇರಿ, ನಂಟರ ಮನೆಯಲ್ಲಿ ತಂಗಿ, ಮತ್ತೆ ವಿಮಾನಕ್ಕೆ ಕಾಯುವುದರಲ್ಲಿ ಒಂದೆರಡು ದಿನಗಳೇ ಕಳೆಯುತ್ತಿದ್ದವು. ಭೂಪಟದ ಮೇಲೆ ಬೆರಳಗಲವೂ ಇಲ್ಲದ ವ್ಯತ್ಯಾಸ, ಬಾಳಿನಲ್ಲಿ ಎರಡು ದಿನ! ಮಲ್ಲಿಗೆಗಂತೂ ಆ ದಾರಿ ಹೆಚ್ಚುಕಡಮೆ ಮುಚ್ಚಿದ ಬಾಗಿಲೇ ಆಗಿತ್ತು.

ದುಬೈಗೆ ಹೋಗುವ ವಿಮಾನವೂ ಅಲ್ಲಿಂದ ಬರುವ ವಿಮಾನವೂ ಒಂದೇ ದೂರವನ್ನು ಹಾರುತ್ತವೆ. ಆದರೂ ಹೋಗುವಾಗ ಹಿಡಿಯುವ ಕಾಲ ಬರುವಾಗಿನ ಕಾಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಇದಕ್ಕೆ ಕಾರಣ ಗಾಳಿ. ಮಲ್ಪೆಯ ಮೊಗವೀರರು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ; ಗಾಳಿಗೆ ಎದುರಾಗಿ ದೋಣಿ ನಡೆಸುವ ಕಷ್ಟವನ್ನು ಅವರು ಬಲ್ಲರು. ಚಳಿಗಾಲದಲ್ಲಿ ಉತ್ತರ ಭಾರತದಿಂದ ಅರಬಸ್ತಾನದವರೆಗಿನ ಆಕಾಶದಲ್ಲಿ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಡುವಣದಿಂದ ಮೂಡಣಕ್ಕೆ ಪ್ರಬಲವಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಮಳೆಗಾಲದಲ್ಲಿಯಾದರೋ ನಮ್ಮ ದಕ್ಷಿಣ ಭಾರತದ ನೆತ್ತಿಯ ಮೇಲೆ, ಇನ್ನೂ ಎತ್ತರದಲ್ಲಿ, ಮೂಡಣದಿಂದ ಪಡುವಣಕ್ಕೆ ಮತ್ತೊಂದು ಹೊಳೆ ಹರಿಯುತ್ತದೆ. ಈ ಎರಡನೆಯದರ ಮೇಲೆ 1950ರ ದಶಕದಲ್ಲಿ ಬೆಳಕು ಚೆಲ್ಲಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು. ಕೆಳಗೆ ನಮ್ಮ ಮುಖಕ್ಕೆ ಪಡುವಣದ ಮಳೆಗಾಳಿ ಬೀಸುತ್ತಿರುವಾಗಲೇ ಮೋಡಗಳ ಮೇಲೆ ಗಾಳಿ ತಿರುಗಿ ಬೀಸುತ್ತಿರುತ್ತದೆ ಎಂಬುದು ಸೋಜಿಗವಲ್ಲವೆ?

ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗಿರುತ್ತದೆ. ಆದುದರಿಂದ ಲಾಭ ನಷ್ಟ ಸರಿಹೋಗಬೇಕು ಎಂದು ನಿಮಗೆ ತೋರಬಹುದು. ಲೆಕ್ಕ ಮಾಡಿ ನೋಡೋಣ. ದೂರ 2,400 ಕಿಲೋಮೀಟರ್, ವಿಮಾನದ ವೇಗ ಗಂಟೆಗೆ 800, ಗಾಳಿಯ ವೇಗ ಗಂಟೆಗೆ 100 ಎಂದಿರಲಿ. ಗಾಳಿಯೇ ಇಲ್ಲದಿದ್ದರೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ, ಒಟ್ಟು ಆರು. ಗಾಳಿಯಿದ್ದರೆ ಎದುರಿನಲ್ಲಿ ವೇಗ 700ಕ್ಕೆ ಇಳಿದು 3 ಗಂಟೆ 26 ನಿಮಿಷ ಹಿಡಿಯುತ್ತದೆ. ಬೆನ್ನಿಗಿದ್ದಾಗ ವೇಗ 900ಕ್ಕೆ ಏರಿ 2 ಗಂಟೆ 40 ನಿಮಿಷ. ಒಟ್ಟು 6 ಗಂಟೆ 6 ನಿಮಿಷ. ಆರು ನಿಮಿಷ ಎಲ್ಲಿ ಹೋಯಿತು? ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಬೆನ್ನುಗಾಳಿಯಲ್ಲಿ ಕಡಮೆ ಹೊತ್ತು ಇರುತ್ತದೆ. ಆದ ಕಾರಣ ಗಾಳಿ ಕಸಿದುಕೊಂಡಷ್ಟನ್ನು ಎಂದೂ ಹಿಂದಕ್ಕೆ ಕೊಡುವುದಿಲ್ಲ.

ಗಾಳಿಗಿಂತಲೂ ಹೆಚ್ಚು ಗಲಿಬಿಲಿ ಮಾಡುವುದು ಗಡಿಯಾರ. ಹೀಗೊಂದು ವೇಳಾಪಟ್ಟಿಯನ್ನು ಭಾವಿಸಿರಿ: ಮಂಗಳೂರಿನಿಂದ ಬೆಳಗ್ಗೆ 10.00ಕ್ಕೆ ಹೊರಟ ವಿಮಾನ ದುಬೈಯನ್ನು ಅಲ್ಲಿಯ ಮಧ್ಯಾಹ್ನ 12.10ಕ್ಕೆ ಸೇರುತ್ತದೆ. ಅಲ್ಲಿಂದ 1.10ಕ್ಕೆ ಹೊರಟುದು ಸಂಜೆ 6.00ಕ್ಕೆ ಮಂಗಳೂರಿಗೆ ಬರುತ್ತದೆ. ಹೋಗಲು ಎರಡು ಗಂಟೆ ಹತ್ತು ನಿಮಿಷ, ಬರಲು ನಾಲ್ಕು ಗಂಟೆ ಐವತ್ತು ನಿಮಿಷ! ಕಟಪಾಡಿಯಲ್ಲಿ ಮಗನ ದಾರಿ ಕಾಯುವ ತಾಯಿ ಈ ಎರಡು ಅಂಕಿಗಳನ್ನು ನೋಡಿ ಗಾಬರಿಯಾದರೆ ತಪ್ಪಲ್ಲ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಇರುವುದೇ ಇದಕ್ಕೆ ಕಾರಣ. ಅದನ್ನು ಸೇರಿಸಿದರೆ ಹೋಗುವ ಕಾಲ 3 ಗಂಟೆ 40 ನಿಮಿಷ. ಕಳೆದರೆ ಬರುವ ಕಾಲ 3 ಗಂಟೆ 20 ನಿಮಿಷ. ಇಲ್ಲೊಂದು ಸುಲಭವಾದ ಉಪಾಯವುಂಟು. ಗಡಿಯಾರಗಳ ಅಂತರ ಎಷ್ಟೆಂಬುದು ಗೊತ್ತಿಲ್ಲದಿದ್ದರೂ ಹೋಗುವ ಬರುವ ಅಂಕಿಗಳನ್ನು ಕೂಡಿಸಿ ಅರ್ಧ ಮಾಡಿರಿ. 2.10 ಮತ್ತು 4.50 ಸೇರಿ ಏಳು ಗಂಟೆ, ಅರ್ಧ ಮೂರೂವರೆ. ಗಡಿಯಾರ ಒಂದು ಕಡೆ ಕದ್ದುದನ್ನು ಇನ್ನೊಂದು ಕಡೆ ಪೂರ್ತಿಯಾಗಿ ಒಪ್ಪಿಸುತ್ತದೆ. ಗಾಳಿಗೆ ಆ ಪ್ರಾಮಾಣಿಕತೆ ಇಲ್ಲ.

ಈ ಒಂದೂವರೆ ಗಂಟೆ ಬಂದುದು ಸೂರ್ಯನಿಂದ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಸಮಯಕ್ಕೆ ಆಧಾರ 82.5 ಡಿಗ್ರಿ ಪೂರ್ವ ರೇಖಾಂಶ. ಕಟಪಾಡಿ ಇರುವುದು ಸುಮಾರು 74.75 ಡಿಗ್ರಿಯಲ್ಲಿ, ಅಂದರೆ 7.75 ಡಿಗ್ರಿ ಪಡುವಣಕ್ಕೆ. ಆದುದರಿಂದ ಕಟಪಾಡಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರ ಹನ್ನೆರಡು ತೋರಿಸುವಾಗ ಅಲ್ಲ, ವರ್ಷದ ಸರಾಸರಿಯಲ್ಲಿ ಹನ್ನೆರಡು ಗಂಟೆ ಮೂವತ್ತೊಂದು ನಿಮಿಷಕ್ಕೆ. ಶಾಲೆಯ ಬಯಲಿನಲ್ಲಿ ಒಂದು ನೆಟ್ಟನೆಯ ಕೋಲು ನೆಟ್ಟು, ಅದರ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತನ್ನು ಗುರುತಿಸಿಕೊಂಡರೆ ನಿಮಗೇ ಕಾಣುತ್ತದೆ. ತಿಂಗಳಿನಿಂದ ತಿಂಗಳಿಗೆ ಕಾಲು ಗಂಟೆಯಷ್ಟು ಹಿಂದುಮುಂದು ಆಗಬಹುದು. ಮುಂಬಯಿಯಲ್ಲಿ ಸೂರ್ಯ ಇನ್ನೂ ಏಳೆಂಟು ನಿಮಿಷ ತಡ. ಆದರೂ ಗಡಿಯಾರ ಒಂದೇ. ದುಬೈಗೂ ಕಟಪಾಡಿಗೂ ಸೂರ್ಯನ ಲೆಕ್ಕದಲ್ಲಿ ಸುಮಾರು 78 ನಿಮಿಷಗಳ ಅಂತರ. ಗಡಿಯಾರದ ಲೆಕ್ಕದಲ್ಲಿ 90. ಗಡಿಯಾರ ದೇಶದೇಶಗಳು ಮಾಡಿಕೊಂಡ ಒಪ್ಪಂದವೇ ಹೊರತು ಸೂರ್ಯನ ನೇರವಾದ ಪ್ರತಿಬಿಂಬವಲ್ಲ.

ದುಬೈ ನಮಗೆ ನೆರೆಯೂರಿನಂತೆ. ಅಲ್ಲಿಯವರೆಗೆ ಭೂಮಿ ದುಂಡಗಿದೆ ಎಂಬುದನ್ನು ಮರೆತರೂ ನಷ್ಟ ಹೆಚ್ಚಿಲ್ಲ. ದೂರ ಹೆಚ್ಚಿದಂತೆ ಅದನ್ನು ಮರೆಯುವಂತಿಲ್ಲ. ನಮ್ಮ ರಾಜ್ಯದಿಂದಲೇ ಹೊರಟ ಅತಿ ದೀರ್ಘವಾದ ಆಕಾಶದ ದಾರಿಯೊಂದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲಿಯೂ ತಂಗದೆ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಅದನ್ನು ನಡೆಸಿದವರೆಲ್ಲ ಮಹಿಳೆಯರು. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನೇರವಾದ ದೂರ ಸುಮಾರು 13,990 ಕಿಲೋಮೀಟರ್. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ಎರಡು ಊರುಗಳನ್ನು ಅಳತೆಪಟ್ಟಿಯಿಟ್ಟು ಸೇರಿಸಿದರೆ ಗೆರೆ ಶಾಂತಸಾಗರವನ್ನು ಹಾಯುತ್ತದೆ. ಆ ಗೆರೆಯನ್ನು ಅನುಸರಿಸಿದರೆ 16,000 ಕಿಲೋಮೀಟರಿಗೂ ಹೆಚ್ಚು ಹಾರಬೇಕು. ಆದರೆ ವಿಮಾನ ಬಂದುದು ಉತ್ತರ ಧ್ರುವದ ಮೇಲಿನಿಂದ.

ಇದು ಹೇಗೆಂದು ತಿಳಿಯಬೇಕಾದರೆ ಒಂದು ಚಕ್ಕೋತದ ಹಣ್ಣನ್ನು ತೆಗೆದುಕೊಳ್ಳಿರಿ. ತೊಟ್ಟಿನ ಸ್ಥಳವನ್ನು ಉತ್ತರ ಧ್ರುವವೆಂದು ಭಾವಿಸಿ, ನಡುವಿನ ಸುತ್ತಿಗಿಂತ ಸ್ವಲ್ಪ ಮೇಲೆ ಒಂದು ಮುಳ್ಳನ್ನೂ, ಹಣ್ಣಿನ ಹಿಂಬದಿಯಲ್ಲಿ ಇನ್ನಷ್ಟು ಮೇಲಕ್ಕೆ ಮತ್ತೊಂದು ಮುಳ್ಳನ್ನೂ ಚುಚ್ಚಿರಿ. ಎರಡಕ್ಕೂ ದಾರ ಕಟ್ಟಿ ಬಿಗಿಯಾಗಿ ಎಳೆದರೆ ಅದು ಹಣ್ಣಿನ ಬದಿಯನ್ನು ಬಳಸುವುದಿಲ್ಲ. ಮೇಲಕ್ಕೆ ಜಾರಿ ತೊಟ್ಟಿನ ಹತ್ತಿರ ಹಾದುಹೋಗುತ್ತದೆ. ಬಿಗಿದ ದಾರ ಹಿಡಿಯುವ ದಾರಿಯೇ ಗೋಳದ ಮೇಲೆ ಅತ್ಯಂತ ಹತ್ತಿರದ ದಾರಿ.

ರಾತ್ರಿ ಹೊರಟು ಒಂದು ಇಡೀ ದಿನವನ್ನು ಬಿಟ್ಟು ಮೂರನೆಯ ದಿನ ಇಳಿದರೂ ಆ ವಿಮಾನ ಹಾರಿದುದು ಸುಮಾರು ಹದಿನೇಳು ಗಂಟೆ ಮಾತ್ರ. ಉಳಿದುದು ಹದಿಮೂರೂವರೆ ಗಂಟೆಗಳ ಗಡಿಯಾರದ ಅಂತರ. ಅದೇ ದಿನ ಮಧ್ಯಾಹ್ನ ಬೆಂಗಳೂರಿನಿಂದ ಮರಳಿ ಹೊರಟ ವಿಮಾನದ ವೇಳಾಪಟ್ಟಿಯಲ್ಲಿ ಅದು ಅಂದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಸೇರಬೇಕೆಂದಿತ್ತು. ಮಧ್ಯಾಹ್ನದ ಊಟ ಮುಗಿಸಿ ಹೊರಟವನು ಅಂದಿನ ರಾತ್ರಿಯ ಊಟಕ್ಕೆ ಭೂಮಿಯ ಆಚೆಯ ಬದಿಯಲ್ಲಿ! ಗಡಿಯಾರವನ್ನು ನಂಬಿದರೆ ಎರಡೂವರೆ ಗಂಟೆಯ ಹಾದಿ. ಅವನ ಹಸಿವು, ನಿದ್ದೆಗಳನ್ನು ಕೇಳಿದರೆ ಹದಿನಾರು ಗಂಟೆಯ ಹಾದಿ.

ಮಲ್ಲಿಗೆಯ ಮೊಗ್ಗು ಲೆಕ್ಕ ಹಾಕುವುದು ಈ ಎರಡನೆಯ ರೀತಿಯಲ್ಲಿ. ಅದಕ್ಕೆ ದುಬೈಯ ಗಡಿಯಾರ ಒಂದೂವರೆ ಗಂಟೆ ಹಿಂದೆ ಇರುವುದು ತಿಳಿಯದು. ಕಟಪಾಡಿಯ ಗಿಡದಿಂದ ಬಿಡಿಸಿದ ಕ್ಷಣದಿಂದ ಅದರ ಕಾಲ ಓಡುತ್ತದೆ. ಆ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಎಣಿಸಿದರೆ ಒಂದು ವಿಷಯ ಗೋಚರವಾಗುತ್ತದೆ. ಬಿಡಿಸಿ ಕಟ್ಟಲು ಬೆಳಗಿನ ನಾಲ್ಕೈದು ಗಂಟೆ. ಕಟ್ಟೆಯಲ್ಲಿ ಬೆಲೆ ನಿಗದಿಯಾಗಿ ಹೂವು ಒಟ್ಟಾಗಲು ಸ್ವಲ್ಪ ಹೊತ್ತು. ಕಟಪಾಡಿಯಿಂದ ಬಜಪೆಗೆ ಸುಮಾರು 50 ಕಿಲೋಮೀಟರ್ ರಸ್ತೆ. ಅಲ್ಲಿ ತೂಕ, ತಪಾಸಣೆ, ಕಾಯುವಿಕೆ. ಇಳಿದ ಮೇಲೆ ಮತ್ತೆ ಅದೇ ತಪಾಸಣೆ, ಮತ್ತೆ ರಸ್ತೆ. ಇವೆಲ್ಲವುಗಳ ನಡುವೆ ಹಾರುವ ಕಾಲ ಮುಂಬಯಿಗೆ ಒಂದೂವರೆ ಗಂಟೆ, ದುಬೈಗೆ ಮೂರೂವರೆ ಗಂಟೆ. ಹೂವಿನ ಆಯುಷ್ಯದ ಹೆಚ್ಚಿನ ಪಾಲು ಕರಗುವುದು ನೆಲದ ಮೇಲೆ. ವಿಮಾನದ ವೇಗವನ್ನು ಇನ್ನೂ ಹೆಚ್ಚಿಸುವುದರಿಂದ ಬೆಳೆಗಾರರಿಗೆ ಬರುವ ಲಾಭಕ್ಕಿಂತ, ಸರಕಿನ ಬಾಗಿಲಲ್ಲಿ ಹೂವಿಗೆ ಮೊದಲ ಸರದಿ ಸಿಕ್ಕಿದರೆ ಬರುವ ಲಾಭ ಹೆಚ್ಚೆಂದು ನನಗೆ ತೋರುತ್ತದೆ. ಹಾರುವ ಕಾಲವನ್ನು ಮಾತ್ರ ಅಚ್ಚು ಹಾಕಿ ಅದನ್ನೇ ಪ್ರಯಾಣದ ಕಾಲವೆಂದು ಕರೆಯುವುದು ನಮ್ಮ ವೇಳಾಪಟ್ಟಿಗಳ ರೂಢಿ. ಮಲ್ಲಿಗೆ ಕಟ್ಟುವವರು ಆ ರೂಢಿಗೆ ಮೋಸಹೋಗುವುದಿಲ್ಲ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕೊರೋನಾ ರೋಗದ ಕಾರಣದಿಂದ ದೇಶದ ವಿಮಾನಗಳೂ ರೈಲುಗಳೂ ಬಸ್ಸುಗಳೂ ಒಮ್ಮೆಗೇ ನಿಂತವು. ಮಲ್ಲಿಗೆ ಹೇರಳವಾಗಿ ಬಿಡುವ ಬೇಸಗೆಯ ದಿನಗಳವು. ಮದುವೆಗಳ ಕಾಲವೂ ಹೌದು. ಮುಂಬಯಿ ಇದ್ದಲ್ಲಿಯೇ ಇತ್ತು, 715 ಕಿಲೋಮೀಟರ್ ದೂರದಲ್ಲಿ. ದುಬೈಯೂ ಇದ್ದಲ್ಲಿಯೇ ಇತ್ತು. ಅಲ್ಲಿಗೆ ಹೋಗಲು ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ದೇಶದೊಳಗಿನ ವಿಮಾನಗಳು ಮತ್ತೆ ಹಾರಲು ತೊಡಗಿದುದು ಮೇ 25ರಂದು. ಅಷ್ಟರಲ್ಲಿ ಆ ವರ್ಷದ ಬೇಸಗೆ ಮುಗಿಯುತ್ತ ಬಂದಿತ್ತು. ಮಳೆ ಹಿಡಿದರೆ ಗಿಡದಲ್ಲಿ ಮೊಗ್ಗು ಕಡಮೆಯಾಗುತ್ತದೆ. ಆ ಎರಡು ತಿಂಗಳು ಕಳುಹಿಸಲು ದಾರಿಯಿಲ್ಲದ ಮೊಗ್ಗುಗಳು ಅಂಗಳದ ಅಂಚಿನ ಗಿಡಗಳಲ್ಲಿಯೇ ಸಂಜೆಯಾದೊಡನೆ ಅರಳಿ, ಬೆಳಗಾಗುವ ಹೊತ್ತಿಗೆ ನೆಲಕ್ಕೆ ಉದುರಿದವು.